ಸೊರಗುತ್ತಿರುವುದು ಬಲಗೈ, ಸ್ಕ್ಯಾನ್ ಮಾತ್ರ ಕತ್ತಿಗೆ ಯಾಕೆ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಡಿಪ್ಲೊಮಾ ಓದುತ್ತಿದ್ದಾನೆ. ಒಂದೂವರೆ ವರ್ಷದಿಂದ ಅವನ ಬಲಗೈ ಬೆರಳುಗಳಲ್ಲಿ ಶಕ್ತಿ ಕಡಿಮೆಯಾಗುತ್ತಿದೆ. ಚಳಿಗಾಲದ ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಕಷ್ಟ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗುಳಿ ಬಿದ್ದಿದೆ, ಮುಂಗೈ ಸಣ್ಣಗಾಗಿದೆ. ನೋವಿಲ್ಲ, ಜೋಮೂ ಇಲ್ಲ. ನಮ್ಮ ಊರಿನಲ್ಲಿ ನರ ದೌರ್ಬಲ್ಯ ಎಂದು ತಿಂಗಳುಗಟ್ಟಲೆ ವಿಟಮಿನ್ ಇಂಜೆಕ್ಷನ್ ಕೊಟ್ಟರು. ಕತ್ತಿನ ಎಂಆರ್‌ಐ ನಾರ್ಮಲ್ ಬಂತು. ಒಬ್ಬ ಡಾಕ್ಟರು ಮೋಟರ್ ನ್ಯೂರಾನ್ ಕಾಯಿಲೆ ಇರಬಹುದು ಎಂದರು. ಆ ರಾತ್ರಿ ಇಂಟರ್ನೆಟ್ಟಿನಲ್ಲಿ ಅದರ ಬಗ್ಗೆ ಓದಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಇನ್ನೊಬ್ಬರು ‘ಹಿರಯಾಮ ಇರಬಹುದು, ಕತ್ತು ಬಗ್ಗಿಸಿ ಇನ್ನೊಮ್ಮೆ ಎಂಆರ್‌ಐ ಮಾಡಿಸಿ’ ಎನ್ನುತ್ತಿದ್ದಾರೆ. ಕೈ ಸೊರಗಿದರೆ ಕತ್ತಿಗೆ ಯಾಕೆ ಸ್ಕ್ಯಾನ್? ಜೀವಕ್ಕೆ ಅಪಾಯವೇ? ಕೈ ಮತ್ತೆ ಸರಿಹೋಗುತ್ತದೆಯೇ? ಅವನ ತಮ್ಮನಿಗೂ ಬರಬಹುದೇ? — ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿದ ಮಾತಿಗೇ ಬರುತ್ತೇನೆ. ನೀವು ಇಂಟರ್ನೆಟ್ಟಿನಲ್ಲಿ ಓದಿದ್ದು ಎಎಲ್‌ಎಸ್ ಎಂಬ ಮೋಟರ್ ನ್ಯೂರಾನ್ ಕಾಯಿಲೆಯ ಬಗ್ಗೆ, ಅಂದರೆ ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ. ಅದು ಬಹುತೇಕ ನಡುವಯಸ್ಸು ದಾಟಿದವರಿಗೆ ಬರುತ್ತದೆ. ಕೈಯಿಂದ ಕಾಲಿಗೆ, ನಾಲಿಗೆಗೆ, ಉಸಿರಾಟದ ಸ್ನಾಯುಗಳಿಗೆ ಹರಡುತ್ತಾ ಹೋಗುತ್ತದೆ. ಹದಿಹರೆಯದ ಕೊನೆಯಲ್ಲಿರುವ ಹುಡುಗನಿಗೆ ಒಂದೇ ಕೈಯಲ್ಲಿ, ನೋವಿಲ್ಲದೆ, ಬೆರಳುಗಳಿಂದ ಶುರುವಾಗಿ ಮುಂಗೈವರೆಗೆ ಮಾತ್ರ ಸೊರಗುತ್ತಿದ್ದರೆ, ಚಳಿಯಲ್ಲಿ ಬೆರಳು ಇನ್ನಷ್ಟು ಸೋಲುತ್ತಿದ್ದರೆ, ನಾವು ನರರೋಗ ತಜ್ಞರು ಮೊದಲು ಯೋಚಿಸುವುದು ಹಿರಯಾಮ ಕಾಯಿಲೆಯನ್ನೇ. ಇದು ಜೀವ ತೆಗೆಯುವ ಕಾಯಿಲೆ ಅಲ್ಲ. ನಾಲಿಗೆಗೂ ಹೋಗುವುದಿಲ್ಲ, ಉಸಿರಿಗೂ ಹೋಗುವುದಿಲ್ಲ. ಕೆಲವು ವರ್ಷ ಮುಂದುವರಿದು ತಾನೇ ನಿಲ್ಲುತ್ತದೆ.

ನಿಮ್ಮ ಮಗನನ್ನು ಕಣ್ಣಾರೆ ನೋಡದೆ ಇದು ಅದೇ ಎಂದು ನಾನು ಮುದ್ರೆ ಒತ್ತುವಂತಿಲ್ಲ. ಆದರೆ ಕತ್ತು ಬಗ್ಗಿಸಿ ಎಂಆರ್‌ಐ ಮಾಡಿಸಲು ಹೇಳಿದವರು ಸರಿಯಾದ ದಾರಿಯಲ್ಲೇ ಇದ್ದಾರೆ. ಇದನ್ನು ಮುಂದಿನ ತಿಂಗಳಿಗೆ, ಪರೀಕ್ಷೆ ಮುಗಿದ ಮೇಲೆ ಎಂದು ತಳ್ಳಬೇಡಿ. ಕಾಯಿಲೆ ತಾನೇ ನಿಲ್ಲುತ್ತದೆ ನಿಜ. ಆದರೆ ನಿಲ್ಲುವ ಹೊತ್ತಿಗೆ ಕೈಯಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ ಎನ್ನುವುದು ಈಗಿನ ಒಂದೆರಡು ವರ್ಷಗಳ ಮೇಲೆ ನಿಂತಿದೆ.

ಕೈಗೂ ಕತ್ತಿಗೂ ಏನು ಸಂಬಂಧ ಎಂದು ಕೇಳಿದ್ದೀರಿ. ಬೆರಳು ಅಲ್ಲಾಡಬೇಕಾದರೆ ಮೆದುಳಿನ ಆಜ್ಞೆ ಬೆನ್ನುಹುರಿಯಲ್ಲಿ ಇಳಿದು ಬರಬೇಕು. ಕತ್ತಿನ ಕೆಳಭಾಗದಲ್ಲಿ, ಬೆನ್ನುಹುರಿಯ ಒಳಗೆ, ಮುಂಬದಿಯಲ್ಲಿ ಒಂದಿಷ್ಟು ನರಕೋಶಗಳಿವೆ. ಅಂಗೈ, ಬೆರಳು, ಮುಂಗೈಯ ಸ್ನಾಯುಗಳಿಗೆ ಹೋಗುವ ನರಗಳು ಹೊರಡುವುದು ಅಲ್ಲಿಂದ. ಆ ಕೋಶಗಳು ಸತ್ತರೆ ಅವು ನೋಡಿಕೊಳ್ಳುತ್ತಿದ್ದ ಸ್ನಾಯು ಕೆಲಸವಿಲ್ಲದೆ ಕರಗುತ್ತದೆ. ಸ್ಪರ್ಶ, ನೋವಿನ ಸುದ್ದಿ ಹೊತ್ತು ತರುವ ನರಗಳ ದಾರಿ ಬೇರೆ. ಆದ್ದರಿಂದಲೇ ನಿಮ್ಮ ಮಗನ ಕೈ ಸೊರಗಿದರೂ ಜೋಮಿಲ್ಲ, ನೋವಿಲ್ಲ.

ಆ ಕೋಶಗಳು ಯಾಕೆ ಸಾಯುತ್ತವೆ? ಬೆನ್ನುಹುರಿಯ ಸುತ್ತ ಡ್ಯೂರಾ ಎಂಬ ಗಟ್ಟಿ ಹೊರಪೊರೆ ಇದೆ. ಮೇಲ್ಗಡೆ ತಲೆಬುರುಡೆಯ ಬುಡದಲ್ಲಿ ಮತ್ತು ಕತ್ತಿನ ಮೇಲಿನ ಮೂಳೆಗಳಲ್ಲಿ ಅದು ಅಂಟಿಕೊಂಡಿದೆ, ಕೆಳಗಡೆ ಬೆನ್ನುಮೂಳೆಯ ಬುಡದಲ್ಲಿ. ನಡುವೆ ಸಡಿಲವಾಗಿಯೇ ಇರುತ್ತದೆ. ನಾವು ಗಲ್ಲವನ್ನು ಎದೆಗೆ ತಾಗಿಸುವಂತೆ ಬಗ್ಗಿದಾಗ ಕತ್ತಿನ ಮೂಳೆಯ ಕೊಳವೆ ಸ್ವಲ್ಪ ಉದ್ದವಾಗುತ್ತದೆ. ಸಾಮಾನ್ಯವಾಗಿ ಪೊರೆಯಲ್ಲಿರುವ ಸಡಿಲ ಆ ಉದ್ದಕ್ಕೆ ಸಾಕಾಗುತ್ತದೆ. ಈ ಹುಡುಗರಲ್ಲಿ ಸಾಕಾಗುವುದಿಲ್ಲ. ಹರೆಯದಲ್ಲಿ ಮೂಳೆ ಸರಸರನೆ ಬೆಳೆದುಬಿಟ್ಟಿರುತ್ತದೆ, ಪೊರೆ ಅಷ್ಟು ಬೆಳೆದಿರುವುದಿಲ್ಲ. ಬೆಳೆಯುವ ಹುಡುಗ ಹೋದ ವರ್ಷದ ಅಂಗಿ ಹಾಕಿಕೊಂಡು ಮುಂದಕ್ಕೆ ಬಗ್ಗಿದರೆ ಬೆನ್ನಲ್ಲಿ ಹೇಗೆ ಬಿಗಿಯುತ್ತದೋ ಹಾಗೆ. ಪೊರೆಯ ಹಿಂಬದಿ ಬಿಗಿದು ಮುಂದಕ್ಕೆ ಸರಿಯುತ್ತದೆ, ಬೆನ್ನುಹುರಿಯನ್ನು ಮುಂದಿನ ಮೂಳೆಗೆ ಒತ್ತುತ್ತದೆ. ಕತ್ತು ನೇರ ಮಾಡಿದ ತಕ್ಷಣ ಎಲ್ಲ ಮತ್ತೆ ಜಾಗಕ್ಕೆ ಬರುತ್ತದೆ. ನೋಡಿದರೆ ಏನೂ ಆಗಿಲ್ಲ.

ಆದರೆ ಒಬ್ಬ ವಿದ್ಯಾರ್ಥಿ ದಿನಕ್ಕೆ ಎಷ್ಟು ಹೊತ್ತು ಕತ್ತು ಬಗ್ಗಿಸಿರುತ್ತಾನೆ ಎಂದು ಯೋಚಿಸಿ. ಪುಸ್ತಕ, ಮೊಬೈಲು, ಡ್ರಾಯಿಂಗ್ ಬೋರ್ಡು. ಪ್ರತಿ ಸಲವೂ ಬೆನ್ನುಹುರಿಯ ಮುಂಭಾಗದ ಸಣ್ಣ ಸಣ್ಣ ರಕ್ತನಾಳಗಳಲ್ಲಿ ರಕ್ತದ ಓಡಾಟ ಕಡಿಮೆಯಾಗುತ್ತದೆ. ಸ್ನಾಯುಗಳನ್ನು ನಡೆಸುವ ಈ ಮೋಟರ್ ಕೋಶಗಳು ರಕ್ತದ ಕೊರತೆಯನ್ನು ಸ್ವಲ್ಪವೂ ತಡೆದುಕೊಳ್ಳುವುದಿಲ್ಲ. ದಿನಕ್ಕಿಷ್ಟು ಎಂಬಂತೆ ನಷ್ಟ ಸೇರುತ್ತಾ ಹೋಗಿ ಒಂದು ದಿನ ಪೆನ್ನು ಜಾರುತ್ತದೆ. ಬೆಳವಣಿಗೆ ನಿಂತು ಮೂಳೆಗೂ ಪೊರೆಗೂ ಹೊಂದಾಣಿಕೆಯಾದ ಮೇಲೆ ಕಾಯಿಲೆಯೂ ನಿಲ್ಲುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಇಷ್ಟು ಜಾಸ್ತಿ ಕಾಣುವುದಕ್ಕೆ ಅವರು ಜೋರಾಗಿ ಎತ್ತರ ಬೆಳೆಯುವುದೂ ಒಂದು ಕಾರಣ ಇರಬೇಕು. ಪೊರೆ ಮುಂದೆ ಸರಿಯುವುದು ಸ್ಕ್ಯಾನಿನಲ್ಲಿ ಕಣ್ಣಿಗೆ ಕಾಣುವ ಸಂಗತಿ. ಆದರೆ ಕೆಲವರಲ್ಲಿ ಮಾತ್ರ ಹೀಗಾಗಲು ಬೇರೆ ಕಾರಣಗಳೂ ಸೇರಿವೆಯೇ ಎಂಬ ಚರ್ಚೆ ತಜ್ಞರ ನಡುವೆ ಇನ್ನೂ ನಡೆದೇ ಇದೆ.

ಇಷ್ಟನ್ನು ತಿಳಿದುಕೊಳ್ಳಲು ದಶಕಗಳು ಹಿಡಿದವು. ಆ ಕಥೆಯನ್ನು ನಿಮಗೆ ಹೇಳಲೇಬೇಕು ಅನ್ನಿಸುತ್ತದೆ, ಯಾಕೆಂದರೆ ನಿಮ್ಮ ಮಗನಿಗೆ ಈಗ ಸಿಗುತ್ತಿರುವ ಸಲಹೆ ಬಂದದ್ದು ಅದರಿಂದಲೇ. 1959ರಲ್ಲಿ ಜಪಾನಿನ ಕೇಝೊ ಹಿರಯಾಮ ಎಂಬ ನರರೋಗ ತಜ್ಞರು ಮತ್ತು ಅವರ ಜೊತೆಗಾರರು ಒಂದು ಸಣ್ಣ ವರದಿ ಬರೆದರು. ಅದರಲ್ಲಿದ್ದದ್ದು ಹನ್ನೆರಡು ರೋಗಿಗಳ ವಿವರ. ಎಲ್ಲರೂ ಚಿಕ್ಕ ವಯಸ್ಸಿನವರು, ಒಂದು ಕೈ ಸೊರಗಿದವರು. ಆ ಕಾಲದಲ್ಲಿ ಇಂಥವರಿಗೆಲ್ಲ ಮೆಲ್ಲಗೆ ಹರಡುವ ಮೋಟರ್ ನ್ಯೂರಾನ್ ಕಾಯಿಲೆ ಎಂದೇ ಹೆಸರು ಹಚ್ಚುತ್ತಿದ್ದರು. ಹಿರಯಾಮ ಕಂಡದ್ದು ಬೇರೆ. ಈ ಹುಡುಗರಲ್ಲಿ ಕಾಯಿಲೆ ಒಂದು ಹಂತದಲ್ಲಿ ನಿಂತುಬಿಡುತ್ತದೆ, ಹಾಗಾದರೆ ಇದು ಆ ಕಾಯಿಲೆ ಅಲ್ಲ ಎಂದು ಅವರು ಹೇಳಿದರು. ತುಂಬ ಜನ ಒಪ್ಪಲಿಲ್ಲ. ಅವರ ಕೈಯಲ್ಲಿ ಪುರಾವೆ ಇರಲಿಲ್ಲ. ಸಾವು ತರದ ಕಾಯಿಲೆಯವರ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವುದಾದರೂ ಹೇಗೆ?

ಆ ಅವಕಾಶ ಸಿಕ್ಕಿದ್ದು 1982ರಲ್ಲಿ. ಈ ಕಾಯಿಲೆಯಿದ್ದ 38 ವರ್ಷದ ಒಬ್ಬರು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಬೆನ್ನುಹುರಿಯನ್ನು ಪರೀಕ್ಷಿಸಿದಾಗ ಹಾನಿ ಕತ್ತಿನ ಕೆಳಭಾಗದಲ್ಲಿ ಮಾತ್ರ ಇತ್ತು, ಅದೂ ಮುಂಬದಿಯ ಮೋಟರ್ ಕೋಶಗಳಿರುವ ಜಾಗದಲ್ಲಿ. ರಕ್ತದ ಕೊರತೆಯಿಂದ ಆಗುವ ಹಾನಿಯಂತೆ ಅದು ಕಾಣುತ್ತಿತ್ತು. ಹರಡುವ ಕಾಯಿಲೆಯ ಗುರುತು ಇರಲಿಲ್ಲ. 1987ರಲ್ಲಿ ಆ ವರದಿ ಪ್ರಕಟವಾಯಿತು. ಅಷ್ಟರಲ್ಲಿ ಕತ್ತು ಬಗ್ಗಿಸಿ ಚಿತ್ರ ತೆಗೆಯುವ ವಿಧಾನಗಳೂ ಬಂದವು. ಪೊರೆ ಮುಂದೆ ಸರಿದು ಬೆನ್ನುಹುರಿಯನ್ನು ಚಪ್ಪಟೆ ಮಾಡುವುದು ತೆರೆಯ ಮೇಲೆ ಕಂಡಿತು. ಮೊದಲ ವರದಿಯಿಂದ ಅಲ್ಲಿಗೆ ಇಪ್ಪತ್ತಕ್ಕೂ ಜಾಸ್ತಿ ವರ್ಷ. ಅಷ್ಟೂ ವರ್ಷ ಆ ಮನುಷ್ಯ ತನ್ನ ರೋಗಿಗಳನ್ನು ಮತ್ತೆ ಮತ್ತೆ ಕರೆಸಿ ನೋಡುತ್ತಲೇ ಇದ್ದರು. ನನಗೆ ಹಿರಯಾಮ ದೊಡ್ಡವರಾಗಿ ಕಾಣುವುದು ಈ ಕಾರಣಕ್ಕೆ. ರೋಗಿಗೆ ಹೆಸರು ಕೊಟ್ಟು ಕಳಿಸುವುದು ಸುಲಭ. ಅವನು ಹತ್ತು ವರ್ಷದ ನಂತರ ಹೇಗಿದ್ದಾನೆ ಎಂದು ನೋಡುವವರು ಕಡಿಮೆ.

ಈ ಕಾಯಿಲೆಗೂ ನಮ್ಮ ಬೆಂಗಳೂರಿಗೂ ಗಟ್ಟಿಯಾದ ನಂಟಿದೆ. ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಅವರು ನರ ಮತ್ತು ಸ್ನಾಯುಗಳ ಕಾಯಿಲೆಯ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. 1984ರಲ್ಲಿ ಅವರು ತಮ್ಮ ತಂಡದೊಂದಿಗೆ 23 ರೋಗಿಗಳ ಬಗ್ಗೆ ಬರೆದ ಲೇಖನವನ್ನು ಜಗತ್ತಿನ ನರರೋಗ ತಜ್ಞರು ಇವತ್ತಿಗೂ ಉಲ್ಲೇಖಿಸುತ್ತಾರೆ. ಅವರು ಅದಕ್ಕೆ ‘ಮೋನೊಮೆಲಿಕ್ ಅಮಯೋಟ್ರೊಫಿ’ ಎಂದು ಹೆಸರಿಟ್ಟರು. ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಕಾಯಿಲೆ ಎಂದು ಅರ್ಥ. ಹೌದು, ಕಾಲು ಕೂಡ. ಭಾರತದಲ್ಲಿ ಒಂದು ಕಾಲು ಮಾತ್ರ ಸೊರಗುವ ಯುವಕರೂ ಸಿಗುತ್ತಾರೆ. ಚಂಡೀಗಢದಿಂದಲೂ 1981ರಲ್ಲಿ ಇಂಥ ವರದಿ ಬಂದಿತ್ತು. ಕತ್ತು ಬಗ್ಗಿಸುವ ವಿವರಣೆ ಕಾಲಿಗೆ ಹೊಂದುವುದಿಲ್ಲ ಅಲ್ವಾ? ಆ ಒಗಟು ಇನ್ನೂ ಬಿಡಿಸಿಲ್ಲ. ನಿಮ್ಮ ಮಗನದು ಕೈ ಆಗಿರುವುದರಿಂದ ಆ ಚರ್ಚೆ ಇಲ್ಲಿ ಬೇಡ.

ಗೌರಿದೇವಿ ಅವರ ಕೆಲಸವನ್ನು ಡಾ. ಎ. ನಳಿನಿ ಮತ್ತು ತಂಡ ಮುಂದುವರಿಸಿತು. 2014ರಲ್ಲಿ ಇವರೆಲ್ಲ ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ 1976ರಿಂದ 2010ರವರೆಗೆ, ಅಂದರೆ 35 ವರ್ಷಗಳಲ್ಲಿ, ನಿಮ್ಹಾನ್ಸ್‌ನಲ್ಲಿ ನೋಡಿದ 279 ರೋಗಿಗಳ ವಿವರವಿದೆ. ಹೆಚ್ಚಿನವರದು ಕೈಯ ತೊಂದರೆ. ಬಹುಪಾಲು ಗಂಡುಮಕ್ಕಳು. ಕೆಲವು ವರ್ಷ ಮುಂದುವರಿದು ನಂತರ ನಿಂತಿದೆ. ಜಪಾನಿನಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯೂ ಇದನ್ನೇ ಹೇಳುತ್ತದೆ. ಅಲ್ಲಿ 333 ರೋಗಿಗಳನ್ನು ಲೆಕ್ಕ ಹಾಕಿದಾಗ ಒಬ್ಬ ಹುಡುಗಿಗೆ ಸುಮಾರು 20 ಹುಡುಗರಿದ್ದರು, ಹೆಚ್ಚಿನವರಲ್ಲಿ ಕಾಯಿಲೆ ಐದು ವರ್ಷದೊಳಗೆ ನಿಂತಿತ್ತು. ‘ಇದು ನಿಲ್ಲುತ್ತದೆ’ ಎಂದು ನಾನು ಧೈರ್ಯವಾಗಿ ಬರೆಯುತ್ತಿರುವುದು ನಿಮ್ಮನ್ನು ಸುಮ್ನೆ ಸಮಾಧಾನ ಮಾಡಲು ಅಲ್ಲ. ನಮ್ಮ ಹುಡುಗರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ಬರೆದಿಟ್ಟ ದಾಖಲೆಯ ಮೇಲೆ ಹೇಳುತ್ತಿದ್ದೇನೆ.

ಈಗ ನಿಮ್ಮ ಮಗನಿಗೆ ಬರೋಣ. ಪರೀಕ್ಷೆ ಮಾಡುವ ಡಾಕ್ಟರು ಏನು ಹುಡುಕುತ್ತಾರೆ ಎಂದು ಗೊತ್ತಿದ್ದರೆ ನಿಮಗೂ ಧೈರ್ಯ. ಅವನು ಎರಡೂ ಮುಂಗೈಗಳನ್ನು ಮುಂದೆ ಚಾಚಲಿ. ಹಿರಯಾಮದಲ್ಲಿ ಮುಂಗೈಯ ಒಳಭಾಗ, ಕಿರುಬೆರಳಿನ ಕಡೆಯದು, ಕರಗಿರುತ್ತದೆ. ಆದರೆ ಮೊಣಕೈಯಿಂದ ಹೆಬ್ಬೆರಳಿನ ಕಡೆಗೆ ಬರುವ ದಪ್ಪ ಸ್ನಾಯು ತುಂಬಿಕೊಂಡೇ ಇರುತ್ತದೆ. ಅದರ ನರ ಕತ್ತಿನಲ್ಲಿ ಇನ್ನೂ ಮೇಲಿನಿಂದ ಬರುವುದರಿಂದ ಅದು ಉಳಿದುಕೊಳ್ಳುತ್ತದೆ. ಹೀಗಾಗಿ ಸೊರಗಿದ ಭಾಗಕ್ಕೂ ತುಂಬಿದ ಭಾಗಕ್ಕೂ ನಡುವೆ ಓರೆಯಾದ ಗೆರೆ ಎಳೆದಂತೆ ಕಾಣುತ್ತದೆ. ಅದನ್ನು ನೋಡಿದರೆ ಅನುಭವಿ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಬೆರಳು ಚಾಚಿದಾಗ ಸಣ್ಣಗೆ, ಅಡ್ಡಾದಿಡ್ಡಿಯಾಗಿ ನಡುಗುವುದೂ ಉಂಟು. ಇನ್ನೊಂದು ಕೈಯಲ್ಲೂ ಸ್ವಲ್ಪ ಸೊರಗು ಕಂಡರೆ ಗಾಬರಿಯಾಗಬೇಡಿ, ಎರಡೂ ಕೈಗೆ ಬರುವ ಹಿರಯಾಮ ಇದೆ. ಲಖನೌದ ತಜ್ಞರು ಎರಡೂ ಕೈ ಸಮನಾಗಿ ಸೊರಗಿದವರ ಬಗ್ಗೆಯೂ ಬರೆದಿದ್ದಾರೆ.

ನರ ಮತ್ತು ಸ್ನಾಯುವಿನ ವಿದ್ಯುತ್ ಪರೀಕ್ಷೆಗಳನ್ನು, ಅಂದರೆ ಎನ್‌ಸಿವಿ ಮತ್ತು ಇಎಂಜಿಯನ್ನು, ಬಿಡಬೇಡಿ. ಸೂಜಿ ಚುಚ್ಚುತ್ತಾರೆ, ಸ್ವಲ್ಪ ನೋವಾಗುತ್ತದೆ. ಆದರೂ ಬೇಕೇ ಬೇಕು. ಎಎಲ್‌ಎಸ್‌ನಲ್ಲಿ ಹೆಬ್ಬೆರಳಿನ ಕಡೆಯ ಸ್ನಾಯು ಮೊದಲು ಸೋಲುತ್ತದೆ, ಹಿರಯಾಮದಲ್ಲಿ ಕಿರುಬೆರಳಿನ ಕಡೆಯದು. ಈ ವ್ಯತ್ಯಾಸ ಎನ್‌ಸಿವಿಯ ಅಂಕಿಗಳಲ್ಲೇ ಕಾಣುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಒಂದು ಕೈ ಸೊರಗುವ, ಆದರೆ ಔಷಧಿಯಿಂದ ಸುಧಾರಿಸುವ ಕಾಯಿಲೆಗಳಿವೆ. ಅವು ತಪ್ಪಿಹೋಗಬಾರದು. ಮಲ್ಟಿಫೋಕಲ್ ಮೋಟರ್ ನ್ಯೂರೋಪತಿ ಎಂಬುದು ಅವುಗಳಲ್ಲಿ ಒಂದು. ಅದರಲ್ಲೂ ಜೋಮಿಲ್ಲದೆ ಕೈ ಸೋಲುತ್ತದೆ, ಚಳಿಯಲ್ಲಿ ಜಾಸ್ತಿಯಾಗುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ನರದ ಮೇಲೆ ತಿರುಗಿಬಿದ್ದಿರುತ್ತದೆ. ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧಿ ಕೊಟ್ಟರೆ ಕೈಗೆ ಶಕ್ತಿ ಮರಳುತ್ತದೆ. ಎನ್‌ಸಿವಿಯಲ್ಲಿ ನರದ ನಡುವೆ ಸಂದೇಶ ತಡೆಯುವ ಜಾಗ ಹುಡುಕಿದರೆ ಮಾತ್ರ ಇದು ಸಿಗುವುದು. ಕುಷ್ಠರೋಗವನ್ನೂ ಮರೆಯುವಂತಿಲ್ಲ. ಹೆಸರು ಕೇಳಿ ಬೇಜಾರಾಗಬೇಡಿ, ನಮ್ಮ ದೇಶದಲ್ಲಿ ಸೊರಗಿದ ಕೈಯನ್ನು ನೋಡುವ ಯಾವ ವೈದ್ಯರೂ ಮೊಣಕೈ ಹಿಂದಿನ ನರ ದಪ್ಪಗಾಗಿದೆಯೇ ಎಂದು ಮುಟ್ಟಿ ನೋಡಲೇಬೇಕು. ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದೆಯೇ ಎಂದೂ ನೋಡಬೇಕು. ಅದಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಪೂರ್ಣ ಗುಣವಾಗುವ ಔಷಧಿಯಿದೆ. ಕತ್ತಿನ ಬುಡದಲ್ಲಿ ಹೆಚ್ಚುವರಿ ಪಕ್ಕೆಲುಬು ನರವನ್ನು ಒತ್ತುವುದು, ಮೊಣಕೈಯಲ್ಲಿ ನರ ಸಿಕ್ಕಿಕೊಳ್ಳುವುದು, ಬೆನ್ನುಹುರಿಯೊಳಗೆ ನೀರು ತುಂಬುವುದು ಕೂಡ ಪಟ್ಟಿಯಲ್ಲಿವೆ. ಇವುಗಳಲ್ಲಿ ಸಾಮಾನ್ಯವಾಗಿ ಜೋಮು ಅಥವಾ ಸ್ಪರ್ಶದ ವ್ಯತ್ಯಾಸ ಇರುತ್ತದೆ. ಕಾಲು ಬಿಗಿಯಾಗುವುದು, ನುಂಗಲು ಕಷ್ಟ, ಮಾತು ತೊದಲುವುದು ಇದ್ದರೆ ಅದು ಸಾಮಾನ್ಯ ಹಿರಯಾಮ ಅಲ್ಲ. ಆಗ ಹುಡುಕಾಟ ಬೇರೆ ಕಡೆ ಸಾಗಬೇಕು.

ನಿಮ್ಮ ಮೊದಲ ಎಂಆರ್‌ಐ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅದನ್ನು ನೇರ ಮಲಗಿಸಿ ತೆಗೆದಿರುತ್ತಾರೆ. ಕತ್ತು ನೇರ ಇದ್ದಾಗ ಪೊರೆ ತನ್ನ ಜಾಗದಲ್ಲೇ ಇರುತ್ತದೆ. ಕೆಲವೊಮ್ಮೆ ಕೆಳಕತ್ತಿನಲ್ಲಿ ಬೆನ್ನುಹುರಿ ತುಸು ಸಣ್ಣಗಾದದ್ದು ಕಾಣಬಹುದು, ಗಮನವಿಟ್ಟು ನೋಡಿದರೆ ಮಾತ್ರ. ಈ ಸಲ ಬರೆದುಕೊಡುವ ಚೀಟಿಯಲ್ಲೇ ‘ಕತ್ತು ಮುಂದಕ್ಕೆ ಬಗ್ಗಿಸಿ ತೆಗೆಯುವುದು, ಹಿರಯಾಮ ಸಂಶಯ’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಇದಕ್ಕೆ ವಿಶೇಷ ಯಂತ್ರ ಬೇಡ. ತಲೆಯ ಕೆಳಗೆ ದಿಂಬು ಅಥವಾ ಬೆಣೆ ಇಟ್ಟು ಕತ್ತನ್ನು ಸುಮಾರು 25ರಿಂದ 40 ಡಿಗ್ರಿ ಬಗ್ಗಿಸಿದರೆ ಸಾಕು. ಯಾವ ಊರಿನ ಎಂಆರ್‌ಐ ಕೇಂದ್ರದಲ್ಲೂ ಆಗುವ ಕೆಲಸ ಇದು. ಪೊರೆ ಮುಂದೆ ಸರಿದ ಜಾಗದ ಹಿಂದೆ ಖಾಲಿ ಉಳಿಯುವುದಿಲ್ಲ. ಅಲ್ಲಿನ ರಕ್ತನಾಳಗಳು ಉಬ್ಬಿಕೊಂಡು ಬಿದಿಗೆ ಚಂದ್ರನಂತೆ ಬಿಳಿಯಾಗಿ ಕಾಣುತ್ತವೆ. ಕಾಂಟ್ರಾಸ್ಟ್ ಎಂಬ ಇಂಜೆಕ್ಷನ್ ಕೊಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಇಲ್ಲೂ ಸಮಯದ ಮಾತಿದೆ. ಕಾಯಿಲೆ ನಿಂತು ವರ್ಷಗಳಾದ ಮೇಲೆ ಬಗ್ಗಿಸಿ ತೆಗೆದರೂ ಈ ಬದಲಾವಣೆ ಕಾಣದೆ ಹೋಗಬಹುದು.

ಚಿಕಿತ್ಸೆ ಎಂದರೆ ಮುಖ್ಯವಾಗಿ ಕತ್ತು ಬಗ್ಗದಂತೆ ನೋಡಿಕೊಳ್ಳುವುದು. ಇಷ್ಟೇನಾ ಎಂದು ನಿಮಗೆ ಅನ್ನಿಸಬಹುದು. ಇಷ್ಟೇ. ಆದರೆ ಶ್ರದ್ಧೆಯಿಂದ ಮಾಡಿದರೆ ಇದು ಸಣ್ಣದಲ್ಲ. ಕತ್ತಿಗೆ ಕಾಲರ್ ಹಾಕಿಸುತ್ತೇವೆ. ಮೂರು-ನಾಲ್ಕು ವರ್ಷ ಬೇಕಾಗಬಹುದು, ಅಂದರೆ ಕಾಯಿಲೆ ನಿಂತಿದೆ ಎಂದು ಖಾತ್ರಿಯಾಗುವವರೆಗೆ. ಹಿರಯಾಮ ಮತ್ತು ಸಂಗಡಿಗರು ಕಾಲರ್ ಹಾಕಿದವರಲ್ಲಿ ಕಾಯಿಲೆ ಮುಂದುವರಿಯುವ ಅವಧಿ ಕಡಿಮೆಯಾದದ್ದನ್ನು ದಾಖಲಿಸಿದ್ದಾರೆ. ಬೇಗ ಶುರು ಮಾಡಿದಷ್ಟೂ ಉಳಿಕೆ ಜಾಸ್ತಿ.

ಹತ್ತೊಂಬತ್ತರ ಹುಡುಗನಿಗೆ ಕಾಲೇಜಿಗೆ ಕಾಲರ್ ಹಾಕಿಕೊಂಡು ಹೋಗುವುದು ಎಂಥ ಕಷ್ಟ ಎಂದು ನನಗೆ ಗೊತ್ತು. ‘ಆಕ್ಸಿಡೆಂಟ್ ಆಯ್ತಾ?’ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಹೆಚ್ಚಿನ ಹುಡುಗರು ಕೆಲವೇ ವಾರಗಳಲ್ಲಿ ಅದನ್ನು ಮೂಲೆಗೆ ಎಸೆಯುತ್ತಾರೆ. ಬೈದು ಪ್ರಯೋಜನವಿಲ್ಲ. ಅವನ ಎಂಆರ್‌ಐ ಚಿತ್ರವನ್ನು ಡಾಕ್ಟರ ಹತ್ತಿರ ಅವನಿಗೇ ತೋರಿಸಿ ಎನ್ನಿ. ನೇರ ಇರುವಾಗ ಒಂದು, ಬಗ್ಗಿದಾಗ ಒಂದು, ಎರಡನ್ನೂ ಪಕ್ಕಪಕ್ಕದಲ್ಲಿ. ತನ್ನ ಬೆನ್ನುಹುರಿ ಚಪ್ಪಟೆಯಾಗುವುದನ್ನು ಕಣ್ಣಾರೆ ಕಂಡ ಹುಡುಗನಿಗೆ ಮತ್ತೆ ಹೇಳಬೇಕಾಗುವುದು ಕಡಿಮೆ. ಇಡೀ ದಿನ ಆಗದಿದ್ದರೆ ಓದುವಾಗ, ಬರೆಯುವಾಗ, ಮೊಬೈಲ್ ನೋಡುವಾಗ, ಬಸ್ಸಿನಲ್ಲಿ ತೂಕಡಿಸುವಾಗಲಾದರೂ ಹಾಕಲಿ. ಕತ್ತು ಬಗ್ಗುವುದು ಆ ಹೊತ್ತಿನಲ್ಲೇ ಜಾಸ್ತಿ.

ಮನೆಯಲ್ಲೂ ಬದಲಾಗಬೇಕಾದದ್ದಿದೆ. ಪುಸ್ತಕ ಕಣ್ಣಿನ ಮಟ್ಟಕ್ಕೆ ಬರಲಿ, ಒಂದು ಸ್ಟ್ಯಾಂಡು ಸಾಕು. ಡ್ರಾಯಿಂಗ್ ಬೋರ್ಡನ್ನು ಓರೆಯಾಗಿ ಎತ್ತರಿಸಿ. ಮೊಬೈಲನ್ನು ಮುಖದ ಎದುರಿಗೆ ಹಿಡಿಯಲಿ. ಎತ್ತರದ ದಿಂಬು, ಎರಡು ದಿಂಬು ಬೇಡ. ನೆಲದಿಂದ ಏನಾದರೂ ಎತ್ತುವಾಗ ಮಂಡಿ ಮಡಚಿ ಕೂರಲಿ. ನೆಲದ ಮೇಲೆ ಕೂತು ತಟ್ಟೆಗೆ ಬಗ್ಗಿ ಉಣ್ಣುವ ಬದಲು ಸದ್ಯಕ್ಕೆ ಮೇಜಿನ ಮೇಲೆ ಉಣ್ಣಲಿ. ಯೋಗ ಮಾಡುವವನಾದರೆ ಸರ್ವಾಂಗಾಸನ, ಹಲಾಸನ, ಜಾಲಂಧರ ಬಂಧ ಪೂರ್ತಿ ನಿಲ್ಲಿಸಲಿ. ಇವುಗಳಲ್ಲಿ ಕತ್ತು ಅತಿ ಹೆಚ್ಚು ಬಗ್ಗುತ್ತದೆ. ಯೋಗ ಕೆಟ್ಟದ್ದೆಂದು ಹೇಳುತ್ತಿಲ್ಲ, ಈ ಹುಡುಗನಿಗೆ ಈ ವರ್ಷಗಳಲ್ಲಿ ಈ ಆಸನಗಳು ಬೇಡ. ಕ್ಷೌರದಂಗಡಿಯಲ್ಲಿ ಕತ್ತು ತಿರುವಿ ನೆಟಿಗೆ ತೆಗೆಸಿಕೊಳ್ಳುವ ಅಭ್ಯಾಸವಿದ್ದರೆ ಅದಂತೂ ಇವತ್ತೇ ನಿಲ್ಲಲಿ. ಕತ್ತಿಗೆ ಜೋರಾಗಿ ಮಾಲೀಷು, ಎಳೆತ ಯಾವುದೂ ಬೇಡ.

ಶಸ್ತ್ರಚಿಕಿತ್ಸೆಯ ಮಾತು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಕತ್ತಿನ ಮೂಳೆಗಳನ್ನು ಜೋಡಿಸಿ ಬಗ್ಗದಂತೆ ಮಾಡುವುದು, ಇಲ್ಲವೇ ಪೊರೆಗೆ ತೇಪೆ ಹಾಕಿ ಸಡಿಲ ಮಾಡುವುದು, ಎರಡೂ ವಿಧಾನಗಳಿವೆ. ಕಾಲರ್ ಸರಿಯಾಗಿ ಹಾಕಿಯೂ ಕೈ ಬೇಗ ಬೇಗ ಸೊರಗುತ್ತಿದ್ದರೆ, ಅಥವಾ ಕಾಲರ್ ಹಾಕಲು ಸಾಧ್ಯವೇ ಇಲ್ಲದಿದ್ದರೆ ಯೋಚಿಸಬಹುದು. ತಾನೇ ನಿಲ್ಲುವ ಕಾಯಿಲೆಗೆ ಚಿಕ್ಕ ವಯಸ್ಸಿನಲ್ಲಿ ಕತ್ತಿನ ಮೂಳೆ ಜೋಡಿಸುವುದನ್ನು ನಾನಂತೂ ಮೊದಲ ಹೆಜ್ಜೆಯಾಗಿ ಹೇಳುವುದಿಲ್ಲ. ನಿಮಗೆ ಯಾರಾದರೂ ತಕ್ಷಣ ಆಪರೇಷನ್ ಎಂದರೆ ಇನ್ನೊಬ್ಬ ನರರೋಗ ತಜ್ಞರ ಅಭಿಪ್ರಾಯ ಕೇಳಿ.

ವಿಟಮಿನ್ ಇಂಜೆಕ್ಷನ್ ನಿಲ್ಲಿಸಬಹುದು. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆಯಿದ್ದರೆ ಅದಕ್ಕಾಗಿ ತೆಗೆದುಕೊಳ್ಳಲಿ, ಈ ಕಾಯಿಲೆಗೆ ಅದರಿಂದ ಲಾಭವಿಲ್ಲ. ಸ್ಟೀರಾಯ್ಡ್ ಕೂಡ ಬೇಡ. ‘ನರ ದೌರ್ಬಲ್ಯ’ ಎಂಬ ಹಣೆಪಟ್ಟಿ ನನಗೆ ಸಿಟ್ಟು ತರಿಸುತ್ತದೆ. ಆ ಎರಡು ಶಬ್ದ ಬರೆದ ಮೇಲೆ ಕಾರಣ ಹುಡುಕುವುದು ನಿಂತುಹೋಗುತ್ತದೆ. ಇಂಜೆಕ್ಷನ್ ಸಾಗುತ್ತಿರುತ್ತದೆ, ಹುಡುಗ ಕತ್ತು ಬಗ್ಗಿಸಿಕೊಂಡೇ ಇರುತ್ತಾನೆ.

ಕೈ ಮತ್ತೆ ಸರಿಹೋಗುತ್ತದೆಯೇ ಎಂಬುದಕ್ಕೆ ನೇರವಾಗಿ ಹೇಳಬೇಕು. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಈಗ ಬಿದ್ದಿರುವ ಗುಳಿ ಪೂರ್ತಿ ತುಂಬಿ ಮೊದಲಿನಂತಾಗುತ್ತದೆ ಎಂದು ಭರವಸೆ ಕೊಡಲಾರೆ. ಉಳಿದ ಕೋಶಗಳು ಹೊಸ ಕವಲು ಚಾಚಿ ಅಕ್ಕಪಕ್ಕದ ಸ್ನಾಯು ಎಳೆಗಳನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳುತ್ತವೆ, ಹಾಗಾಗಿ ಕೆಲವರಲ್ಲಿ ತುಸು ಸುಧಾರಣೆ ಕಾಣುತ್ತದೆ. ಫಿಸಿಯೋಥೆರಪಿ ಬೇಕು. ಆದರೆ ಹಠ ಹಿಡಿದು ಡಂಬೆಲ್ ಎತ್ತಿ ಸ್ನಾಯು ಬೆಳೆಸುತ್ತೇನೆ ಎನ್ನುವುದು ಬೇಡ. ಬೆರಳುಗಳ ಕೀಲು ಬಿಗಿಯದಂತೆ, ಕೊಕ್ಕೆಯಂತೆ ಮಡಚಿಕೊಳ್ಳದಂತೆ ನೋಡಿಕೊಳ್ಳುವುದೇ ಗುರಿ. ಕಾಯಿಲೆ ನಿಂತ ಮೇಲೂ ಬೆರಳು ಚಾಚಲು ಆಗದೆ ಕೆಲಸಕ್ಕೆ ಅಡ್ಡಿಯಾದರೆ, ಚೆನ್ನಾಗಿರುವ ಸ್ನಾಯುವಿನ ಎಳೆಯನ್ನು ಸೋತ ಬೆರಳಿಗೆ ಜೋಡಿಸುವ ಕೈಯ ಶಸ್ತ್ರಚಿಕಿತ್ಸೆ ಇದೆ. ಅದು ಮುಂದಿನ ಮಾತು.

ಚಳಿಗೆ ಸರಳ ಉಪಾಯಗಳೇ ಕೆಲಸ ಮಾಡುತ್ತವೆ. ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ನಂತರ ಗುಂಡಿ ಹಾಕಲಿ, ಬೈಕಿನಲ್ಲಿ ಹೋಗುವಾಗ ಗ್ಲೌಸ್ ಹಾಕಲಿ. ಚಳಿಯಲ್ಲಿ ಸೋತ ಬೆರಳು ಬೆಚ್ಚಗಾದ ಮೇಲೆ ಮರಳಿ ಬರುತ್ತದೆ. ಅದನ್ನು ನೋಡಿ ಕಾಯಿಲೆ ಹೆಚ್ಚಾಯಿತು ಎಂದು ಹೆದರಬೇಡಿ. ಬರೆಯಲು ದಪ್ಪ ಪೆನ್ನು ಕೊಡಿಸಿ. ಪರೀಕ್ಷೆಯಲ್ಲಿ ಮೂರು ಗಂಟೆ ಬರೆಯುವುದು ಅವನಿಗೆ ನಿಜವಾಗಿ ಕಷ್ಟವಾದರೆ ಬರಹಗಾರನ ಸಹಾಯ ಅಥವಾ ಹೆಚ್ಚುವರಿ ಸಮಯ ಕೇಳಲು ಹಿಂಜರಿಯಬೇಡಿ. ಶೇಕಡ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ ಮಾತ್ರ ಕೊಡುತ್ತೇವೆ ಎಂದು ಕೆಲವರು ಹೇಳುತ್ತಾರೆ. ಆದರೆ ಬರೆಯಲು ಕಷ್ಟಪಡುವ ಒಬ್ಬ ಅಭ್ಯರ್ಥಿಯ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಆ ಮಿತಿ ಮುಟ್ಟದಿದ್ದರೂ ಬರಹಗಾರನ ಸಹಾಯ ಪಡೆಯುವ ಹಕ್ಕಿದೆ ಎಂದು ಹೇಳಿದೆ. ನರರೋಗ ತಜ್ಞರ ಪತ್ರ ಮಾಡಿಸಿಟ್ಟುಕೊಳ್ಳಿ.

ನಿಮ್ಹಾನ್ಸ್‌ಗೆ ಅಥವಾ ನಿಮಗೆ ಹತ್ತಿರದ ಮೆಡಿಕಲ್ ಕಾಲೇಜಿನ ನರರೋಗ ವಿಭಾಗಕ್ಕೆ ಹೋಗುವಾಗ ಹಳೆಯ ಎಂಆರ್‌ಐನ ವರದಿ ಮಾತ್ರ ಸಾಲದು, ಫಿಲ್ಮ್ ಅಥವಾ ಸಿಡಿಯನ್ನೂ ಒಯ್ಯಿರಿ. ಒಂದೆರಡು ವರ್ಷದ ಹಿಂದಿನ ಅವನ ಫೋಟೋಗಳಲ್ಲಿ ಕೈ ಚೆನ್ನಾಗಿ ಕಾಣುವುದಿದ್ದರೆ ಅದೂ ಇರಲಿ, ಯಾವಾಗ ಶುರುವಾಯಿತು ಎನ್ನುವುದಕ್ಕೆ ನಮಗೆ ತುಂಬ ಸಹಾಯ. ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಿ. ಹಿಡಿತದ ಬಲವನ್ನು ಪ್ರತಿ ಸಲವೂ ಅಳೆದು ಬರೆಸಿಕೊಳ್ಳಿ. ಕಾಯಿಲೆ ನಿಂತಿದೆಯೇ ಎಂದು ತೀರ್ಮಾನಿಸಲು ಆ ಅಂಕಿಗಳು ಬೇಕು. ಕಣ್ಣಳತೆಯನ್ನು ನಂಬಿ ಕಾಲರ್ ತೆಗೆಯುವ ನಿರ್ಧಾರ ಮಾಡಬಾರದು.

ಇನ್ನು ತಮ್ಮನ ವಿಷಯ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿ ಬೆರಳೆಣಿಕೆಯಷ್ಟು ಇವೆ. ಸಾಮಾನ್ಯವಾಗಿ ಇದು ವಂಶದಲ್ಲಿ ಹರಿಯುವ ಕಾಯಿಲೆ ಅಲ್ಲ, ಅಂಟುವುದೂ ಇಲ್ಲ. ನಿಮ್ಮ ದೊಡ್ಡ ಮಗನ ಮದುವೆಗೆ, ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ. ನೀವು ಕೇಳಿಲ್ಲ, ಆದರೆ ಪ್ರತಿ ತಾಯಿಯೂ ಎದ್ದು ಹೊರಡುವ ಮುನ್ನ ಕೇಳುತ್ತಾರೆ, ಅದಕ್ಕೇ ಬರೆದೆ. ಚಿಕ್ಕವನಿಗೆ ಈಗ ಎಂಆರ್‌ಐ, ಇಎಂಜಿ ಯಾವುದೂ ಬೇಡ. ಮುಂದೆ ಎಂದಾದರೂ ಚಳಿಗೆ ಬೆರಳು ಸೋಲುತ್ತದೆ, ಪೆನ್ನು ಜಾರುತ್ತದೆ ಎಂದು ಅವನೇ ಹೇಳಿದರೆ ಆಗ ಕರೆದುಕೊಂಡು ಬನ್ನಿ, ತಡ ಮಾಡದೆ.